ಬಾಗಿಲ ಪಕ್ಕದ ಎರಡು ವೈರು

ಹನ್ನೊಂದು ವರ್ಷವಾಯಿತು, ಆ ಕಾಲಿಂಗ್ ಬೆಲ್ಲಿನ ಸಿಟ್ಟು ಅವನಿಗೆ ಇನ್ನೂ ಇಳಿದಿಲ್ಲ. ಮೂರನೇ ಮಹಡಿಯ ಆ ಮನೆಗೆ ಹೋದವರು ಇವತ್ತಿಗೂ ಬಾಗಿಲು ತಟ್ಟಬೇಕು. ಬಾಗಿಲ ಬಲಗಡೆ ಗೋಡೆಯಲ್ಲಿ ಒಂದು ತೂತು. ಅದರಿಂದ ಒಂದು ಕೆಂಪು, ಒಂದು ಕಪ್ಪು ವೈರು ಎರಡು ಬೆರಳುದ್ದ ಹೊರಗೆ ಚಾಚಿಕೊಂಡಿವೆ. ಬಣ್ಣ ಬಳಿಯುವವರು ಎರಡು ಸಲ ಬಂದು ಹೋದರು. ಎರಡು ಸಲವೂ ವೈರಿನ ಸುತ್ತ ಬಳಿದು ಹೋದರು. "ಇದನ್ನ ಮುಚ್ಚಿಬಿಡ್ಲಾ ಯಜಮಾನ್ರೇ" ಅಂತ ಒಬ್ಬ ಕೇಳಿದ್ದಕ್ಕೆ, "ನಿನ್ನ ಕೆಲಸ ನೀನು ನೋಡ್ಕೋ" ಅಂದಿದ್ದ.

ಸಿಟ್ಟು ಹೆಂಡತಿಯ ತಮ್ಮನ ಮೇಲೆ. ಆ ಭಾವಮೈದ ವೈರಿಂಗ್ ಕೆಲಸದವನು. ಬಾಯಿ ಬಿಟ್ಟರೆ ನಿಲ್ಲಿಸುವವನಲ್ಲ, ನಗಲು ಶುರುಮಾಡಿದರೆ ಕೆಳಗಿನ ಮಹಡಿಯವರಿಗೂ ನಗು ಬರಬೇಕು, ಅಂಥ ಆಳು. ಅಕ್ಕನ ಮನೆಗೊಂದು ಬೆಲ್ಲಿಲ್ಲ ಅಂದರೆ ನನ್ನ ಕಸುಬಿಗೇ ಅವಮಾನ ಅಂತ, ಒಂದು ದಿನ ಬೆಳಗ್ಗೆ ಹನ್ನೊಂದು ಗಂಟೆಗೆ ಕೈಯಲ್ಲಿ ಡಬ್ಬಿ ಹಿಡಿದು ಬಂದ. ಡ್ರಿಲ್ ಹಾಕಬೇಡ, ಅವರು ಮಲಗಿದ್ದಾರೆ ಅಂತ ಅಕ್ಕ ಹೇಳಿದ್ದಳು. ಅವನೂ ಪಾಪ ಉಳಿ ಹಿಡಿದು ಮೆಲ್ಲಗೆ ಕೊರೆದ, ವೈರು ಎಳೆದ, ಹಕ್ಕಿ ಕೂಗುವಂಥ ಬೆಲ್ಲು ಕೂರಿಸಿದ. ಇಷ್ಟೆಲ್ಲಾ ಮಾಡಿದವನಿಗೆ ಕೊನೆಗೆ ಕೈ ತಡೆಯಲಿಲ್ಲ. ಒತ್ತಿ ನೋಡಿದ. ಒಂದಲ್ಲ, ನಾಲ್ಕು ಸಲ.

ಒಳಗೆ ಇವನು ಮಲಗಿ ಒಂದೂವರೆ ಗಂಟೆಯಾಗಿತ್ತು. ಪತ್ರಿಕೆ ಅಚ್ಚುಹಾಕುವ ಪ್ರೆಸ್ಸಿನಲ್ಲಿ ರಾತ್ರಿ ಪಾಳಿಯ ಮಿಷಿನ್ ಕೆಲಸ. ಹಿಂದಿನ ರಾತ್ರಿ ಕಾಗದದ ರೋಲು ಮೂರು ಸಲ ಹರಿದು, ಕಟ್ಟು ಕಟ್ಟುವುದು ತಡವಾಗಿ, ಮನೆಗೆ ಬಂದಾಗ ಬಿಸಿಲು ಏರಿತ್ತು. ಎದ್ದು ಬಂದ. ಬೆಲ್ಲನ್ನು ಹಿಡಿದು ಕಿತ್ತ, ಮೆಟ್ಟಿಲ ಸಂದಿಯಿಂದ ಕೆಳಗೆ ಎಸೆದ. ಮೂರು ಮಹಡಿ ಇಳಿದು ಅದು ಚೂರಾಯಿತು. ಆಗ ಭಾವಮೈದ ಇಡೀ ಕಟ್ಟಡಕ್ಕೆ ಕೇಳುವ ಹಾಗೆ ಅಂದ:

"ಅಕ್ಕಾ, ಇದು ಮನೆಯಲ್ಲ, ಹೆಣ ಇಟ್ಕೊಂಡಿರೋ ಕೋಣೆ. ಹೆಣ ಎದ್ದುಬಿಡುತ್ತೆ ಅಂತ ನೀನು ಕಾಲ್ಬೆರಳ ಮೇಲೆ ಓಡಾಡ್ತಿದೀಯ."

ಪ್ರತಿ ಮಹಡಿಯಲ್ಲೂ ಬಾಗಿಲು ತೆರೆದಿದ್ದವು. ಎರಡನೇ ಮಹಡಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ದುಡಿದು ಬಂದು ಮಲಗಿದವನನ್ನು ಹೆಣ ಅಂದನಲ್ಲ, ಆ ಮಾತು ಇವನ ಎದೆಯಲ್ಲಿ ಮುಳ್ಳಾಗಿ ಕೂತಿತು. "ಇವನ ಹೆಸರು ಇನ್ನು ಈ ಮನೆಯೊಳಗೆ ಎತ್ತಕೂಡದು" ಅಂದ ಹೆಂಡತಿಗೆ. ಅವಳು "ಆಯ್ತು" ಅಂದಳು. ಕಸಪೊರಕೆ ತಗೊಂಡು ಕೆಳಗಿಳಿದು ಚೂರುಗಳನ್ನು ಗುಡಿಸಿದಳು.

ಪ್ರೆಸ್ಸಿನಲ್ಲಿ ಇವನನ್ನು, ಮೈಕು ನುಂಗಿದವನು ಅಂತ, ಮೈಕಣ್ಣ ಅನ್ನುತ್ತಿದ್ದರು. ಮಿಷಿನ್ ಓಡುವಾಗ ಅಲ್ಲಿ ಪಕ್ಕದವನ ಮಾತೂ ಕೇಳುವುದಿಲ್ಲ, ಕೂಗಲೇಬೇಕು. ಎಲ್ಲರೂ ಕೂಗುತ್ತಿದ್ದರು. ಇವನೊಬ್ಬ ಮಿಷಿನ್ ನಿಂತ ಮೇಲೂ ಕೂಗುತ್ತಿದ್ದ. ಇಪ್ಪತ್ತಮೂರು ವರ್ಷದ ರಾತ್ರಿ ಪಾಳಿ ಅವನ ಎಡಗಿವಿಯನ್ನು ತಿಂದುಹಾಕಿತ್ತು. ಬಲಗಿವಿ ಅರ್ಧ ಉಳಿದಿತ್ತು. ಸಿಟ್ಟು ಮಾತ್ರ ಪೂರ್ತಿ ಉಳಿದಿತ್ತು.

ಕಿವಿ ಹೋದವನಿಗೆ ನಿದ್ದೆಯಲ್ಲಿ ಸಣ್ಣ ಸದ್ದು ಹೇಗೆ ಕೇಳುತ್ತದೋ ದೇವರಿಗೇ ಗೊತ್ತು. ಚಮಚ ಬಿದ್ದರೆ ಕೇಳುತ್ತಿತ್ತು, ನಲ್ಲಿ ತೊಟ್ಟಿಕ್ಕಿದರೆ ಕೇಳುತ್ತಿತ್ತು. ಹೆಂಡತಿ ಮೊದಮೊದಲು ಮಿಷಿನ್ನಿನಲ್ಲಿ ಹೊಲಿಯುತ್ತಿದ್ದಳು, ಒಳ್ಳೆ ಕೈ. ಹಗಲೆಲ್ಲಾ ಇವನು ಮಲಗಿದರೆ ಮಿಷಿನ್ ತುಳಿಯುವುದು ಯಾವಾಗ? ಅದಕ್ಕೊಂದು ಹಳೇ ಸೀರೆ ಹೊದಿಸಿ ಮೂಲೆಗಿಟ್ಟಳು. ಶರ್ಟು ಹೊಲಿಯುವ ಕಾರ್ಖಾನೆಯಿಂದ ಗುಂಡಿ ಹಾಕುವ ಕೆಲಸ ತಂದುಕೊಂಡಳು. ಸೂಜಿ ದಾರಕ್ಕೆ ಸದ್ದಿಲ್ಲ. ಕುಕ್ಕರಿನ ಸೀಟಿ ಆಗದು ಅಂತ ಪಾತ್ರೆಯಲ್ಲಿ ಬೇಯಿಸಿದಳು. ಮಗಳು ಮದುವೆಯಾಗಿ ಹೋಗುವವರೆಗೂ ಪಿಸುಮಾತಿನಲ್ಲೇ ಪಾಠ ಓದಿ ಬೆಳೆದಳು. ಮೊದಲ ಮೊಬೈಲು ಬಂದ ವಾರ ಮಧ್ಯಾಹ್ನ ಒಂದು ಗಂಟೆಗೆ ಅದು ಬಡಕೊಂಡಿತು. ಇವನು ಎದ್ದುಬಂದು ಗೋಡೆಗೆ ಅಪ್ಪಳಿಸಿದ. "ಮಾತಾಡ್ಬೇಕಾ? ಹೊರಗೆ ಹೋಗಿ ಸಾಯಿ" ಅಂದ.

ಅವಳು ಹೊರಗೆ ಹೋದಳು. ಎರಡನೇ ಮಹಡಿಗೂ ಮೂರನೇ ಮಹಡಿಗೂ ನಡುವೆ ಮೆಟ್ಟಿಲು ತಿರುಗುವಲ್ಲಿ ಒಂದು ಕಿಟಕಿ, ಕಿಟಕಿಯ ಕೆಳಗೆ ಕೂರುವಷ್ಟು ಅಗಲದ ಕಟ್ಟೆ. ಹೊಸ ಫೋನು ಬಂದ ಮೇಲೆ ಅವಳ ಮಾತೆಲ್ಲ ಅಲ್ಲೇ. ಮಡಿಲಲ್ಲಿ ಶರ್ಟು, ಪಕ್ಕದಲ್ಲಿ ಗುಂಡಿಯ ಡಬ್ಬಿ, ಕಿವಿಗೆ ಸಿಕ್ಕಿಸಿದ ಫೋನು. ಕೆಳಗಿನ ಮನೆಯಾಕೆ ಹತ್ತಿ ಇಳಿಯುವಾಗ, "ಏನಕ್ಕಾ, ಆಫೀಸು ಶುರುವಾಯ್ತಾ?" ಅಂತ ತಮಾಷೆ ಮಾಡುತ್ತಿದ್ದಳು.

ಇದೆಲ್ಲ ಇವನಿಗೆ ಗೊತ್ತಿರಲಿಲ್ಲ. ಗೊತ್ತಾಗಲು ಎಚ್ಚರವಿರಬೇಕಲ್ಲ.

ಆಮೇಲೆ ಪತ್ರಿಕೆ ಓದುವವರು ಕಡಿಮೆಯಾಗಿ ರಾತ್ರಿ ಮಿಷಿನ್ ನಿಂತಿತು. ಇವನನ್ನು ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಗೆ ಕಳಿಸಿದರು. ಬೆಳಗ್ಗೆ ಒಂಬತ್ತಕ್ಕೆ ಒಳಗೆ, ಸಂಜೆ ಐದೂವರೆಗೆ ಹೊರಗೆ. ರಟ್ಟು ಕತ್ತರಿಸುವ ಮಿಷಿನ್ನಿನ ಮುಂದೆ ನಿಂತು ಅಳತೆ ನೋಡಿ ಅದುಮುವ ಕೆಲಸ. ಐವತ್ತನೇ ವಯಸ್ಸಿಗೆ ಮೊದಲ ಸಲ ಅವನು ಸಂಜೆ ಅನ್ನುವುದನ್ನು ಮನೆಯಲ್ಲಿ ಕೂತು ನೋಡಿದ. ನೋಡಿದ್ದು ಏನು? ಆರೂವರೆ ಆದರೆ ಸಾಕು, ಹೆಂಡತಿ ಚಹಾ ಲೋಟ ಮುಂದಿಟ್ಟು, ಗುಂಡಿಯ ಡಬ್ಬಿ, ಫೋನು ಎತ್ತಿಕೊಂಡು, ಬಾಗಿಲು ಮೆಲ್ಲಗೆ ಎಳೆದುಕೊಂಡು ಹೊರಗೆ ಹೋಗುತ್ತಾಳೆ. ಮುಕ್ಕಾಲು ಗಂಟೆ ಬಿಟ್ಟು ಬರುತ್ತಾಳೆ.

ನಾಲ್ಕು ದಿನ ಸುಮ್ಮನಿದ್ದ. ಐದನೇ ದಿನ ಕೇಳಿದ.

"ಯಾರದು ಫೋನು?"

"ಯಾರೂ ಇಲ್ಲ ರೀ."

"ಯಾರೂ ಇಲ್ದೆ ಮುಕ್ಕಾಲು ಗಂಟೆ ಮಾತಾಡ್ತಾರಾ?"

"ಹೀಗೇ. ಗುಂಡಿ ಕೆಲಸದ್ದು."

ಯಾರೂ ಇಲ್ಲ ಅಂದಳಲ್ಲ, ಅಲ್ಲಿ ಹುಳ ಹೊಕ್ಕಿತು. ಯಾರೋ ಒಬ್ಬರ ಹೆಸರು ಹೇಳಿದ್ದರೆ ಬೈದು ಮರೆತುಬಿಡುತ್ತಿದ್ದ. ಇಲ್ಲದವನನ್ನು ಬೈಯುವುದು ಹೇಗೆ?

ಕಾರ್ಖಾನೆಯ ಎದುರು ಒಂದು ಮೊಬೈಲ್ ಅಂಗಡಿ. ಅಂಗಡಿಯವನ ಮುಂದೆ ಯಾರು ನಿಂತರೂ ಮೊದಲು ಅವರ ಫೋನಿನ ಗಾಜಿನತ್ತ ಕಣ್ಣು ಹಾಯಿಸುತ್ತಾನೆ, ವೈದ್ಯ ನಾಲಿಗೆ ನೋಡುವ ಹಾಗೆ. ಮೈಕಣ್ಣ ಬಂದು ಅದೂ ಇದೂ ಅಂತ ಹತ್ತು ನಿಮಿಷ ಸುತ್ತಿ ಬಳಸಿ ಮಾತಾಡಿದ. ಕವರು ತಿರುಗಿಸಿ ನೋಡಿದ, ಇಟ್ಟ. ಅಂಗಡಿಯವನಿಗೆ ಇಂಥವರು ಹೊಸಬರಲ್ಲ.

"ಮನೆಯವರ ಫೋನಾ ಅಣ್ಣಾ?" ಅಂದ ಮೆಲ್ಲಗೆ.

"ಮಗಳದ್ದು."

"ಎಲ್ಲರೂ ಮಗಳದ್ದು ಅಂತಾನೇ ಹೇಳೋದು. ತಂದುಕೊಡಿ, ಅರ್ಧ ಗಂಟೆ ಕೆಲಸ. ಯಾರಿಗೆ ಮಾಡಿದ್ರು, ಏನು ಮಾತಾಡಿದ್ರು, ಎಲ್ಲಿದ್ದಾರೆ, ಎಲ್ಲಾ ನಿಮ್ಮ ಫೋನಿಗೆ ಬಂದು ಬೀಳುತ್ತೆ. ಅವರಿಗೆ ಏನೂ ಗೊತ್ತಾಗಲ್ಲ." ಆಮೇಲೆ ತನ್ನಷ್ಟಕ್ಕೆ ಅಂದುಕೊಂಡವನಂತೆ, "ಗೊತ್ತಾದ್ರೆ ನಾನು ಹಾಕಿದ್ದು ಅನ್ಬೇಡಿ" ಅಂದ.

ಹೆಂಡತಿಯ ಫೋನಿನ ಗಾಜು ಮೂಲೆಯಲ್ಲಿ ಸೀಳಿತ್ತು. ಹೊಸದು ಹಾಕಿಸಿಕೊಡುತ್ತೀನಿ ಅಂತ ಭಾನುವಾರ ತಗೊಂಡು ಹೋದ. ಅವಳಿಗೆ ಎಷ್ಟು ಸಂತೋಷವಾಯಿತೆಂದರೆ, ಮೂವತ್ತು ವರ್ಷದಲ್ಲಿ ಅವಳು ಕೇಳದೆಯೇ ಅವನು ಮಾಡಿಕೊಟ್ಟ ಮೊದಲ ಕೆಲಸ ಅದು, ಬಾಗಿಲವರೆಗೂ ಬಂದು ಕಳಿಸಿಕೊಟ್ಟಳು. ತಂದುಕೊಟ್ಟಾಗ ಸೆರಗಿನಿಂದ ಒರೆಸಿ ಒರೆಸಿ ನೋಡಿದಳು. "ಚೆನ್ನಾಗಿ ಹಾಕಿದ್ದಾನೆ ರೀ, ಕೈಗೆ ನುಣ್ಣಗಿದೆ" ಅಂದಳು. ಅವನು ಗೋಡೆ ನೋಡುತ್ತಾ ಹೂಂ ಅಂದ.

ಮಾರನೆಯ ದಿನದಿಂದ ಊಟದ ಹೊತ್ತಿಗೆ ಮೈಕಣ್ಣ ಜೊತೆಯವರನ್ನು ಬಿಟ್ಟು ರಟ್ಟಿನ ರಾಶಿಯ ಹಿಂದೆ ಹೋಗಿ ಕೂರತೊಡಗಿದ. ಡಬ್ಬಿ ಒಂದು ಕೈಯಲ್ಲಿ, ಬಲಗಿವಿಯಲ್ಲಿ ವೈರು.

ಬೇರೆ ಕರೆಗಳಲ್ಲಿ ಏನೂ ಇರಲಿಲ್ಲ. ಗುಂಡಿ ಸಾಲದು ಅಂತ ಕಾರ್ಖಾನೆಗೆ ಮಾಡಿದ್ದು, ಮೊಮ್ಮಗುವಿಗೆ ಹಲ್ಲು ಬಂತು ಅಂತ ಮಗಳು ಮಾಡಿದ್ದು. ಆದರೆ ಆರೂವರೆಯ ಕರೆ, ದಿನವೂ ಒಂದೇ ನಂಬರು. ಆ ನಂಬರಿಗೆ ಹೆಸರಿನ ಜಾಗದಲ್ಲಿ ಬರೀ ಒಂದು ಚುಕ್ಕೆ ಹಾಕಿಟ್ಟಿದ್ದಳು.

"ತಿಂದ್ಯಾ?"

ಟಕ್.

"ಮಾತ್ರೆ?"

ಟಕ್.

"ನೋವಿದೆಯಾ ಇವತ್ತು?"

ಟಕ್ ಟಕ್.

"ಸುಳ್ಳು ಹೇಳ್ತೀಯ ನೀನು."

ಆಮೇಲೆ ಏನೂ ಇಲ್ಲ. ದಾರ ಹಲ್ಲಿನಲ್ಲಿ ಕಚ್ಚಿ ಹರಿದ ಸದ್ದು, ಗುಂಡಿಯ ಡಬ್ಬಿ ಅಲುಗಿದ ಸದ್ದು. ಆ ಕಡೆಯಿಂದ ಸುಯ್ ಸುಯ್ ಅಂತ ಯಾರದೋ ಉಸಿರು. ಐದು ನಿಮಿಷ, ಹತ್ತು ನಿಮಿಷ, ಬರೀ ಉಸಿರು. ನಡುವೆ ಅವಳದೊಂದು ಮಾತು. "ಇವತ್ತು ನೀಲಿ ಶರ್ಟು, ಗುಂಡಿನೂ ನೀಲಿ. ಕಣ್ಣು ಹೋಗುತ್ತೆ." ಟಕ್. ಮತ್ತೆ ಉಸಿರು.

ಮೈಕಣ್ಣ ಕಿವಿಯ ವೈರನ್ನು ಇನ್ನಷ್ಟು ಒಳಕ್ಕೆ ಒತ್ತಿಕೊಂಡ. ಇದೆಂಥ ಸಂಕೇತ? ಬಾಯಿಬಿಡದೆ ಉಸಿರು ಬಿಡುವ ಇವನ್ಯಾರು? ತನ್ನನ್ನು ಮೂವತ್ತು ವರ್ಷದಿಂದ ರೀ, ನೀವು ಅನ್ನುವವಳು ಇವನಿಗೆ ನೀನು ಅನ್ನುತ್ತಾಳೆ. ಸುಳ್ಳು ಹೇಳ್ತೀಯ ಅಂತ ಮುದ್ದಿನಿಂದ ಗದರುತ್ತಾಳೆ. ತನಗೆ ಯಾವತ್ತಾದರೂ ಗದರಿದ್ದಾಳಾ? ನೆನಪಾಗಲಿಲ್ಲ.

ಅವಳ ತಮ್ಮನ ಯೋಚನೆ ಅವನ ತಲೆಗೆ ಬರಲೇ ಇಲ್ಲ. ಬರುವುದಾದರೂ ಹೇಗೆ? ಅವನ ಲೆಕ್ಕದಲ್ಲಿ ಭಾವಮೈದ ಅಂದರೆ ಬಾಯಿ. ಬಾಯಿಲ್ಲದ ಭಾವಮೈದನನ್ನು ಅವನು ಕಂಡಿರಲಿಲ್ಲ.

ಒಂದು ದಿನದ ಕರೆಯಲ್ಲಿ ಅವಳು ಏನೋ ಹೇಳುತ್ತಿರುವಾಗ ಹಿಂದಿನಿಂದ ಯಾವನೋ ಒರಟಾಗಿ ಕೂಗಿದ. ಬಾಗಿಲ ಆಚೆಯಿಂದ ಬಂದ ಕೂಗು. ಮಾತು ತಿಳಿಯಲಿಲ್ಲ, ದನಿ ಮಾತ್ರ ನಾಯಿ ಬೊಗಳಿದ ಹಾಗಿತ್ತು. ಅವಳ ಮಾತು ಅಲ್ಲೇ ತುಂಡಾಯಿತು. "ಇರು, ಕರೀತಿದಾರೆ" ಅಂದಳು. ಎಂಥ ಪಿಸುದನಿ ಅದು, ಪೊಲೀಸರು ಬಂದಾಗ ಮಂಚದ ಕೆಳಗಿರುವವರು ಮಾತಾಡುವ ಪಿಸುದನಿ. ಯಾವ ಬೇವರ್ಸಿ ಇವಳನ್ನ ಹೀಗೆ ಹೆದರಿಸುತ್ತಿರುವುದು ಅಂತ ಮೈಕಣ್ಣನಿಗೆ ರಕ್ತ ಕುದಿಯಿತು. ಹಿಂದಕ್ಕೆ ಸರಿಸಿ ಇನ್ನೊಮ್ಮೆ ಕೇಳಿದ. ಮೂರನೇ ಸಲ ಮಾತೂ ತಿಳಿಯಿತು.

"ಲೇ, ಈ ಚಹಾಗೆ ಸಕ್ಕರೆ ಯಾವಳು ಹಾಕ್ತಾಳೆ?"

ಅವನು ಡಬ್ಬಿಯ ಮುಚ್ಚಳ ಮುಚ್ಚಿದ. ಆ ದಿನ ಊಟ ಸೇರಲಿಲ್ಲ.

ಹಾಗಂತ ಬಿಡಲೂ ಇಲ್ಲ. ಎರಡು ತಿಂಗಳು ಕೇಳಿದ. ಕೇಳುವುದೇ ಇನ್ನೊಂದು ಪಾಳಿಯ ಹಾಗಾಯಿತು. ಕೆಲಸದ ಹೊತ್ತಿನಲ್ಲೂ ಟಕ್ ಟಕ್ ಅನ್ನುವುದು ತಲೆಯೊಳಗೆ ಬಡಿಯುತ್ತಿತ್ತು. ಒಂದು ಮಧ್ಯಾಹ್ನ ಅಳತೆಯ ಕಡ್ಡಿ ಸರಿಸುವುದು ಮರೆತು ನಾಲ್ಕು ನೂರು ರಟ್ಟು ಒಂದಿಂಚು ಗಿಡ್ಡ ಕತ್ತರಿಸಿಬಿಟ್ಟ. ಮುಚ್ಚಳ ಮುಚ್ಚದ ಪೆಟ್ಟಿಗೆ ಯಾರಿಗೆ ಬೇಕು? ಮೇಲ್ವಿಚಾರಣೆಯ ಹೆಂಗಸು ಬಂದು ನೋಡಿದಳು. ಇವನಿಗಿಂತ ಹತ್ತು ವರ್ಷ ಚಿಕ್ಕವಳು, ನಾಲಿಗೆ ಮಾತ್ರ ದೊಡ್ಡದು.

"ಮೈಕಣ್ಣ, ಇಷ್ಟು ವರ್ಷ ಬರೀ ಕೂಗ್ತಿದ್ರಂತೆ. ಈಗ ದಿನವಿಡೀ ಅದೇನು ಕೇಳಿಸ್ಕೊಳ್ತೀರಿ ಕಿವಿಗೆ ಸಿಕ್ಕಿಸ್ಕೊಂಡು?"

"ಹಾಡು."

"ಹಾಡು ಕೇಳೋ ಮುಖಾನಾ ಇದು? ಸಾಲಗಾರ ಬಂದಂಗಿದೆ. ಹೋಗಿ ಮುಖ ತೊಳ್ಕೊಳ್ಳಿ. ಬೆರಳು ಕತ್ತರಿಸ್ಕೊಂಡ್ರೆ ನನ್ನ ತಲೆಗೆ ಬರುತ್ತೆ."

ಫೋನಿನಲ್ಲಿ ಊರಿನ ನಕ್ಷೆಯ ಮೇಲೆ ಹೆಂಡತಿ ಒಂದು ನೀಲಿ ಬಿಂದುವಾಗಿದ್ದಳು. ದಿನವೆಲ್ಲ ಬಿಂದು ಮನೆಯಲ್ಲೇ. ಗುರುವಾರ ಮಾತ್ರ ಊಟದ ಹೊತ್ತಿಗೆ ಮೊದಲೇ ಹೊರಟು, ರೈಲ್ವೆ ಸೇತುವೆ ದಾಟಿ, ಮರದ ಮಿಲ್ಲಿನ ಹಿಂದಿನ ಗಲ್ಲಿಯಲ್ಲಿ ಮೂರು ಗಂಟೆ ನಿಲ್ಲುತ್ತಿತ್ತು. ಕರೆಯಲ್ಲೂ ಕೇಳಿದ್ದ: "ಗುರುವಾರ ಬರ್ತೀನಿ. ಅವರಿಗೆ ಹೇಳಿಲ್ಲ. ಹೇಳೋದೂ ಇಲ್ಲ." ಟಕ್.

ಬಂದ ಗುರುವಾರ ಅರ್ಧ ದಿನ ರಜೆ ಹಾಕಿದ. ಸೇತುವೆ ಹತ್ತುವಾಗ ಏನೇನು ಮಾಡಬೇಕು ಅಂತ ಲೆಕ್ಕ ಹಾಕಿದ್ದ. ಮೊದಲು ಅವನ ಕಾಲರು ಹಿಡಿಯುವುದು. ಆಮೇಲೆ ಏನಾಗುತ್ತದೋ ಆಗಲಿ. ಸೇತುವೆ ಇಳಿಯುವಷ್ಟರಲ್ಲಿ ಮೊಣಕಾಲು ನೋಯತೊಡಗಿ, ಕಾಲರು ಹಿಡಿಯುವ ಉಮೇದು ಅರ್ಧ ಇಳಿದಿತ್ತು. ಮೂವತ್ತು ವರ್ಷ ಬೇಯಿಸಿ ಹಾಕಿದವಳು ಇವತ್ತು ಸಂಜೆ ಮನೆಯಲ್ಲಿ ಇರುವುದಿಲ್ಲ ಅನ್ನುವುದು ಮಾತ್ರ ತಲೆಯಲ್ಲಿ ಉಳಿಯಿತು. ಇರುವುದಿಲ್ಲ ಅಂದರೆ ಆ ಮನೆಯಲ್ಲಿ ತಾನೊಬ್ಬನೇ. ಆ ಯೋಚನೆಗೆ ಅವನು ಒಂದು ಕ್ಷಣ ನಿಂತ, ಮತ್ತೆ ನಡೆದ.

ಗಲ್ಲಿಯಲ್ಲಿ ಮರದ ಹೊಟ್ಟಿನ ವಾಸನೆ. ಬಿಂದು ತೋರಿಸಿದ ಮನೆ ನೆಲಮಹಡಿಯ ಒಂದೇ ಕೋಣೆ. ಬಾಗಿಲು ಅರ್ಧ ತೆರೆದಿತ್ತು. ಒದೆಯಲು ಎತ್ತಿದ ಕಾಲು ಹಾಗೇ ಇಳಿಯಿತು.

ಹೆಂಡತಿ ನೆಲದ ಮೇಲೆ ಗೋಡೆಗೊರಗಿ ಕೂತಿದ್ದಳು, ಮಡಿಲಲ್ಲಿ ಬಿಳಿ ಶರ್ಟು. ಎದುರಿನ ಕುರ್ಚಿಯಲ್ಲಿ ಒಬ್ಬ ಒಣಕಲು ಮನುಷ್ಯ. ಕೊರಳ ಸುತ್ತ ತೆಳು ಬಟ್ಟೆ, ಬಟ್ಟೆಯ ಹಿಂದೆ ಗಂಟಲಲ್ಲೊಂದು ತೂತು. ಉಸಿರು ಅಲ್ಲಿಂದಲೇ ಬಂದು ಹೋಗುತ್ತಿತ್ತು, ಸುಯ್ ಸುಯ್ ಅಂತ. ಕೈಯಲ್ಲಿ ಕರೆಂಟಿನ ಟೆಸ್ಟರು, ತೊಡೆಯ ಮೇಲೆ ಒಂದು ಸ್ಟೀಲ್ ತಟ್ಟೆ.

ಭಾವಮೈದ.

ಯಾರೂ ಚೀರಲಿಲ್ಲ. ಹೆಂಡತಿ ತಲೆಯೆತ್ತಿ ನೋಡಿದಳು. ಬೆಚ್ಚಿಬೀಳುವಷ್ಟು ಶಕ್ತಿಯೂ ಅವಳಲ್ಲಿ ಉಳಿದಿರಲಿಲ್ಲವೇನೋ.

"ಬನ್ನಿ" ಅಂದಳು. "ಚಪ್ಪಲಿ ಅಲ್ಲೇ ಬಿಡಿ, ಈಗಷ್ಟೇ ಒರೆಸಿದ್ದೀನಿ."

ಮೈಕಣ್ಣ ಬಾಯಿ ತೆರೆದ. ದನಿ ಏರುವ ಮೊದಲೇ ಭಾವಮೈದ ಕೈ ಎತ್ತಿ ತಡೆದು, ಪಕ್ಕದಲ್ಲಿದ್ದ ನೋಟ್ ಪುಸ್ತಕ ಎಳೆದು ಏನೋ ಗೀಚಿ ತಿರುಗಿಸಿ ಹಿಡಿದ.

"ಭಾವ, ಮೆಲ್ಲಗೆ. ಪಕ್ಕದ ಮನೆಯಲ್ಲಿ ಮಗು ಮಲಗಿದೆ."

ಬರೆದುಕೊಟ್ಟು ಭುಜ ಕುಣಿಸಿದ. ನಗುತ್ತಿದ್ದ, ಸದ್ದಿಲ್ಲದೆ. ಹಿಂದೆ ಇಡೀ ಕಟ್ಟಡ ಕೇಳುತ್ತಿದ್ದ ನಗು ಈಗ ಬರೀ ಭುಜದಲ್ಲಿತ್ತು.

ಮೈಕಣ್ಣ ಹೊಸ್ತಿಲ ಮೇಲೆ ಕೂತುಬಿಟ್ಟ.

"ಗಂಟಲಲ್ಲಿ ಗಡ್ಡೆ ಆಗಿತ್ತು" ಅಂದಳು ಹೆಂಡತಿ, ಸೂಜಿ ಬಿಡದೆ. "ಒಂದೂವರೆ ವರ್ಷ ಆಯ್ತು, ಧ್ವನಿಪೆಟ್ಟಿಗೆ ತೆಗೆದು. ಇವನಿಗೆ ಹೆಂಡ್ತಿಯಿಲ್ಲ ಮಕ್ಕಳಿಲ್ಲ. ಸಂಜೆ ಫೋನು ಮಾಡಿ ಇಟ್ಕೊಂಡಿರ್ತೀನಿ. ಹೌದು ಅಂದ್ರೆ ಒಂದು, ಇಲ್ಲ ಅಂದ್ರೆ ಎರಡು. ಉಳಿದಿದ್ದಕ್ಕೆ ಅವನ ಉಸಿರು ಕೇಳಿದ್ರೆ ಸಾಕು."

"ಮೆಸೇಜು ಮಾಡೋಕೆ ಏನಾಗಿತ್ತು?" ಬೇರೇನೂ ತೋಚದೆ ಅವನು ಕೇಳಿದ.

"ಗುಂಡಿ ಹಾಕೋ ಕೈಯಲ್ಲಿ ಮೆಸೇಜು ಓದಲಾ?" ದಾರ ಕಚ್ಚಿದಳು. "ಮತ್ತೆ ಮೆಸೇಜು ಉಳಿದುಬಿಡುತ್ತೆ. ನಿಮ್ಮ ಕಣ್ಣಿಗೆ ಬಿದ್ರೆ?"

"ನನಗೆ ಹೇಳಬೇಕಿತ್ತು."

"ಇವನ ಹೆಸರು ಮನೆಯೊಳಗೆ ಎತ್ತಬಾರದು ಅಂದ್ರಿ. ಎತ್ತಲಿಲ್ಲ. ಫೋನಲ್ಲೂ ಹೆಸರು ಹಾಕಲಿಲ್ಲ. ಮೆಟ್ಟಿಲ ಮೇಲೆ ಕೂತು ಮಾತಾಡಿದೆ. ಮೆಟ್ಟಿಲು ಮನೆಯೊಳಗಲ್ಲ."

ಅವನು ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. ಆಗ ಹೆಂಡತಿಗೆ ಏನೋ ನೆನಪಾದಂತೆ ಸೂಜಿ ನಿಂತಿತು.

"ನೀವು ಇಲ್ಲಿಗೆ ಹೇಗೆ ಬಂದ್ರಿ?"

"ನಿನ್ನ ಹಿಂದೇನೇ ಬಂದೆ."

"ನಾನು ಬಂದು ಎರಡು ಗಂಟೆ ಆಯ್ತು. ನಿಮ್ಮ ಅಂಗಿ ಮೇಲೆ ಇನ್ನೂ ರಟ್ಟಿನ ಧೂಳಿದೆ."

ಭಾವಮೈದ ಬಾಯಿ ಕಳೆದುಕೊಂಡಿದ್ದ, ಬುದ್ಧಿಯನ್ನಲ್ಲ. ಅಕ್ಕನ ಫೋನಿನ ಹೊಸ ಗಾಜನ್ನು ನೋಡಿದ, ಭಾವನ ಮುಖ ನೋಡಿದ, ಫೋನನ್ನು ತೆಗೆದುಕೊಂಡ. ತಿಂಗಳಿಂದ ಅಕ್ಕ ಬ್ಯಾಟರಿ ನಿಲ್ಲುತ್ತಿಲ್ಲ ಅನ್ನುತ್ತಿದ್ದಳು. ಕೆಟ್ಟ ವೈರು ಹುಡುಕುವವನ ಹಾಗೆ ಒಂದೊಂದೇ ಒತ್ತುತ್ತಾ ಒತ್ತುತ್ತಾ ಹೋಗಿ ಒಂದು ಕಡೆ ನಿಂತ. ಅಲ್ಲಿ ತಾರೀಕಿನ ಪ್ರಕಾರ ಅವಳ ಮಾತುಗಳೆಲ್ಲ ಸಾಲಾಗಿ ಕೂತಿದ್ದವು. ಬೆರಳು ತಾಗಿ ಒಂದು ಶುರುವಾಯಿತು. ಹೆಂಡತಿಯ ಪಿಸುದನಿ. ಟಕ್. ಆಮೇಲೆ, ಬಾಗಿಲ ಆಚೆಯಿಂದ, ಈ ಚಹಾಗೆ ಸಕ್ಕರೆ ಯಾವಳು ಹಾಕ್ತಾಳೆ ಅನ್ನುವ ಕೂಗು.

ಮೂವರೂ ಕೇಳಿದರು. ಭಾವಮೈದ ಅದನ್ನು ನಿಲ್ಲಿಸಿ, ಫೋನನ್ನು ಅಕ್ಕನ ಮಡಿಲಲ್ಲಿಟ್ಟು, ಟೆಸ್ಟರನ್ನು ಜೇಬಿಗೆ ಹಾಕಿಕೊಂಡ.

"ಎಷ್ಟು ದಿನದಿಂದ?" ಹೆಂಡತಿ ಕೇಳಿದಳು.

"ಎರಡು ತಿಂಗಳು."

"ಗಾಜು ಹಾಕಿಸಿದ ದಿನದಿಂದ."

"ಹೂಂ."

"ಎಲ್ಲಾ ಕೇಳಿದ್ರಾ? ದಿನಾ?"

"ಹೂಂ."

ಅವಳು ಸೂಜಿಯನ್ನು ಶರ್ಟಿನ ಕಾಲರಿಗೆ ಚುಚ್ಚಿಟ್ಟಳು. "ಎರಡು ತಿಂಗಳು ಕೇಳಿದ್ರಿ. ತಿಂದ್ಯಾ, ಮಾತ್ರೆ ನುಂಗಿದ್ಯಾ, ನೋವಿದೆಯಾ ಅಂತ ಕೇಳ್ತಿದ್ದೆ. ಆ ಕಡೆ ಇರೋನು ಒಬ್ಬ ರೋಗಿ ಅಂತ ಗೊತ್ತಾಗಲಿಲ್ವಾ ನಿಮಗೆ?"

ಅವನು ಅಂಗಿಯ ಮೇಲಿನ ರಟ್ಟಿನ ಧೂಳು ಕೊಡವಿದ.

"ನಿಮಗೆ ಮಾತಾಡೋಕೆ ಬರಲ್ಲ ಅಂತ ಗೊತ್ತಿತ್ತು" ಅಂದಳು. "ಕೇಳೋಕೂ ಬರಲ್ಲ."

ಅದನ್ನು ಅವಳು ಸಿಟ್ಟಿನಿಂದ ಹೇಳಲಿಲ್ಲ. ಅಂಗಡಿಯಲ್ಲಿ ಸಾಮಾನು ಇಲ್ಲ ಅನ್ನುವ ಹಾಗೆ ಹೇಳಿದಳು. ಅವನ ಬಾಯಿಗೆ ಒಂದು ಮಾತು ಬಂತು. ತಪ್ಪಾಯ್ತು ಅನ್ನುವ ಮಾತು. ನಾಲಿಗೆಯವರೆಗೆ ಬಂದು, ಬೆಲ್ಲಿನ ದಿನದ ಹೆಣ ಅನ್ನುವ ಶಬ್ದ ಅಡ್ಡ ನಿಂತು, ಅಲ್ಲೇ ಸಿಕ್ಕಿಕೊಂಡಿತು. ಭಾವಮೈದ ಅವನ ಮುಖವನ್ನೇ ನೋಡುತ್ತಿದ್ದ. ಮತ್ತೆ ಪುಸ್ತಕ ತಗೊಂಡು ಬರೆದ.

"ಭಾವ, ನನ್ನದೊಂದು ಬೆಲ್ಲು ನಿಮ್ಮ ಹತ್ತಿರ ಬಾಕಿ ಇದೆ."

ತಮಾಷೆಗೇ ಬರೆದಿದ್ದ. ದಾರಿ ಬಿಟ್ಟುಕೊಟ್ಟಿದ್ದ ಅಂತಲೂ ಹೇಳಬಹುದು. ಆಗ ನಕ್ಕಿದ್ದರೆ ಮುಗಿದುಹೋಗುತ್ತಿತ್ತು. ಮೈಕಣ್ಣ ನಗಲಿಲ್ಲ. ಎದ್ದು ಚಪ್ಪಲಿ ಮೆಟ್ಟಿಕೊಂಡ.

ಸಂಜೆ ಹೆಂಡತಿ ಮನೆಗೆ ಬಂದಳು. ಇರುವುದಿಲ್ಲ ಅಂದುಕೊಂಡಿದ್ದವನು ಬಾಗಿಲ ಸದ್ದಿಗೆ ಎದ್ದು ನಿಂತ. ಅವಳು ಎಂದಿನ ಹಾಗೆ ಕೈಕಾಲು ತೊಳೆದು ಚಹಾ ಮಾಡಿಟ್ಟಳು. ಆರೂವರೆ ಆಯಿತು. ಹೊರಗೆ ಹೋಗಲಿಲ್ಲ. ಫೋನನ್ನು ಬಾಗಿಲ ಪಕ್ಕದ ಸ್ವಿಚ್ಚಿನ ಕೆಳಗಿನ ಗೂಡಿನಲ್ಲಿ ಚಾರ್ಜಿಗೆ ಹಾಕಿಟ್ಟಳು. ಅವತ್ತಿನಿಂದ ಅದು ಅಲ್ಲೇ ಇದೆ.

"ಅಂಗಡಿಯವನಿಗೆ ಹೇಳಿ ಅದನ್ನ ತೆಗೆಸಿಬಿಡ್ತೀನಿ" ಅಂದ ಒಂದು ವಾರ ಬಿಟ್ಟು.

"ಬೇಡ. ತೆಗೆಸೋಕೆ ಮತ್ತೆ ಅವನ ಕೈಗೆ ಕೊಡ್ಬೇಕು. ಇರಲಿ ಬಿಡಿ."

"ಯಾರಿಗಾದ್ರೂ ಮಾತಾಡು. ನಾನು ಕೇಳಲ್ಲ."

"ಮಾತಾಡೋದು ಏನಿದೆ ರೀ?"

ಈಗ ಗುರುವಾರ ಅವಳು ಹೊರಡುವಾಗ ಫೋನು ಗೂಡಿನಲ್ಲೇ ಉಳಿಯುತ್ತದೆ. ನೀಲಿ ಬಿಂದು ಹಗಲೂ ರಾತ್ರಿ ಮನೆಯಲ್ಲೇ ಇರುತ್ತದೆ. ಕಾರ್ಖಾನೆಯಲ್ಲಿ ಊಟದ ಹೊತ್ತಿಗೆ ಅಭ್ಯಾಸಬಲದಿಂದ ಅವನು ತೆಗೆದು ನೋಡುತ್ತಾನೆ. ಬಿಂದು ಅಲುಗುವುದಿಲ್ಲ. ಬೇರೆ ದಿನ ಅವಳು ಮನೆಯಲ್ಲಿದ್ದಾಳೋ ಇಲ್ಲವೋ, ಬಿಂದುವಿಗೂ ಗೊತ್ತಿಲ್ಲ, ಅವನಿಗೂ ಗೊತ್ತಿಲ್ಲ. ಸಂಜೆ ಇಬ್ಬರೂ ಒಂದೇ ಕೋಣೆಯಲ್ಲಿ ಕೂರುತ್ತಾರೆ. ಅವಳು ಗುಂಡಿ ಹಾಕುತ್ತಾಳೆ. ಅವನು ಕೇಳಿದ್ದಕ್ಕೆ ಹೌದು ಅಥವಾ ಇಲ್ಲ. ಒಂದೇ ಮಾತು, ಜಾಸ್ತಿಯಿಲ್ಲ. ಕೆಳಗಿನ ಮನೆಯಾಕೆ ಒಂದು ದಿನ ಮೆಟ್ಟಿಲಲ್ಲಿ ಇವನನ್ನೇ ನಿಲ್ಲಿಸಿ, "ಏನಣ್ಣಾ, ಅಕ್ಕನ ಆಫೀಸು ಮುಚ್ಚಿಬಿಟ್ರಾ?" ಅಂತ ಕೇಳಿದಳು. ಅವನು ಕಿವಿ ಕೇಳದವನಂತೆ ಹತ್ತಿಹೋದ.

ಒಂದು ದಿನ ಕಾರ್ಖಾನೆಯಿಂದ ಬರುವಾಗ ಅವನು ಒಂದು ಬೆಲ್ಲು ಕೊಂಡು ತಂದ. ಹಕ್ಕಿ ಕೂಗುವಂಥದ್ದೇ. ಅಂಗಡಿಯಲ್ಲಿ ನಾಲ್ಕು ಸಲ ಒತ್ತಿ ನೋಡಿದ. ಹೆಂಡತಿ ಡಬ್ಬಿ ನೋಡಿ, ಸೂಜಿಗೆ ದಾರ ಪೋಣಿಸಿದಳು.

"ಎರಡು ವೈರು ತಾನೇ, ನಾನೇ ಸಿಕ್ಕಿಸಲಾ?" ಅಂದ.

"ಅದು ನಿಮ್ಮ ಕೆಲಸ ಅಲ್ಲ" ಅಂದಳು.

ಅದು ಅವನಿಗೂ ಗೊತ್ತಿತ್ತು. ಮುಂದಿನ ಗುರುವಾರ ಕಾರ್ಖಾನೆಗೆ ರಜೆಯಿತ್ತು. ಅವಳು ಹೊರಟುಹೋದ ಮೇಲೆ ಗೂಡಿನಿಂದ ಅವಳ ಫೋನು ತೆಗೆದು ಚುಕ್ಕೆಯ ನಂಬರಿಗೆ ಒತ್ತಿದ. ಅವಳು ಇನ್ನೂ ಸೇತುವೆ ದಾಟಿರಲಿಕ್ಕಿಲ್ಲ. ಆ ಕಡೆ ಎತ್ತಿದರು. ಉಸಿರು.

"ನಾನು" ಅಂದ ಮೈಕಣ್ಣ.

ಟಕ್.

ಹೇಳಬೇಕಾದದ್ದು ಒಂದೇ ಮಾತು. ಬೆಲ್ಲು ತಂದಿದ್ದೀನಿ, ಬಂದು ಹಾಕು ಅಂದಿದ್ದರೂ ಸಾಕಿತ್ತು, ತಪ್ಪಾಯ್ತು ಅನ್ನುವುದೂ ಅದರೊಳಗೆ ಸೇರಿಹೋಗುತ್ತಿತ್ತು. ಇಪ್ಪತ್ತಮೂರು ವರ್ಷ ಮಿಷಿನ್ನಿನ ಸದ್ದಿಗಿಂತ ಮೇಲೆ ಕೂಗಿದ ಬಾಯಿ ಅದು. ನಿಶ್ಶಬ್ದದಲ್ಲಿ ಮಾತಾಡಿ ಅದಕ್ಕೆ ರೂಢಿಯಿರಲಿಲ್ಲ. ಆ ಕಡೆಯವನು ಕಾದ. ಟಕ್, ಇನ್ನೊಮ್ಮೆ. ಇದ್ದೀನಿ, ಹೇಳಿ ಅನ್ನುವ ಹಾಗೆ. ಇವನು ಬಾಗಿಲ ಚೌಕಟ್ಟಿಗೆ ಬೆರಳ ಗೆಣ್ಣಿನಿಂದ ಬಡಿಯಲು ಕೈ ಎತ್ತಿದ, ಒಂದು ಬಡಿಯಬೇಕೋ ಎರಡು ಬಡಿಯಬೇಕೋ ತಿಳಿಯದೆ ಇಳಿಸಿದ. ಕೊನೆಗೆ ಫೋನು ಇಟ್ಟುಬಿಟ್ಟ.

ಆ ಕರೆಯೂ ಅವನ ಫೋನಿಗೆ ಬಂದು ಬಿತ್ತು. ಅವನದೇ ದನಿ, ನಾನು ಅನ್ನುವ ಒಂದು ಶಬ್ದ, ಎರಡು ಟಕ್, ಉಳಿದದ್ದೆಲ್ಲ ಇಬ್ಬರ ಉಸಿರು. ಅದನ್ನು ಅವನು ಇನ್ನೂ ಅಳಿಸಿಲ್ಲ. ಆಮೇಲೆ ಆ ನಂಬರಿಗೆ ಇನ್ನೊಮ್ಮೆ ಮಾಡಲೂ ಇಲ್ಲ. ಬೆಲ್ಲಿನ ಡಬ್ಬಿ ಗೂಡಿನಲ್ಲಿ ಹೆಂಡತಿಯ ಫೋನಿನ ಪಕ್ಕಕ್ಕಿದೆ. ಧೂಳು ಒರೆಸುವಾಗ ಅವಳು ಅದನ್ನು ಎತ್ತಿ, ಕೆಳಗೆ ಒರೆಸಿ, ಅದೇ ಜಾಗದಲ್ಲಿ ಇಡುತ್ತಾಳೆ. ಹೊರಗೆ ಆ ಕೆಂಪು ವೈರು, ಕಪ್ಪು ವೈರು ಹಾಗೇ ಚಾಚಿಕೊಂಡಿವೆ. ಬಂದವರು ಇವತ್ತಿಗೂ ಬಾಗಿಲು ತಟ್ಟುತ್ತಾರೆ.